ಭಾನುವಾರದ ಸ್ವಿಚ್ಚು

ಡೆಟ್ರಾಯಿಟ್
ಸೋಮವಾರ, ನವೆಂಬರ್ 8, 2004

ಪ್ರೀತಿಯ ಅರ್ವೋ ಅಣ್ಣಾ,

ಮೊದಲು ನಿನ್ನ ಬೆನ್ನು ಹೇಗಿದೆ, ಅದನ್ನು ಹೇಳು. ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವುದಕ್ಕೂ ಆಗುತ್ತಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ಒಂದೇ ರಾಗ. "ಅವನಿಗೆ ಅಲ್ಲಿ ಹಬೆಸ್ನಾನಕ್ಕೆ ಸೌನಾ ಇಲ್ಲ ಕಣೇ, ಅದಕ್ಕೇ ಬೆನ್ನು ಹಿಡ್ಕೊಂಡಿದೆ. ನಲ್ಲಿ ತಿರುಗಿಸಿದ್ರೆ ಬಿಸಿನೀರು ಬಂದ್ಬಿಟ್ರೆ ಅದು ಸ್ನಾನ ಆಗ್ಬಿಡ್ತಾ?" ಅಮ್ಮ ಕ್ರಿಸ್‌ಮಸ್‌ವರೆಗೆ ನನ್ನ ಜೊತೆಯಲ್ಲೇ ಇರುತ್ತಾಳೆ, ಚೆನ್ನಾಗಿದ್ದಾಳೆ. ಬೆಳಿಗ್ಗೆ ಎದ್ದು ಏಲಕ್ಕಿ ಕುಟ್ಟಿ ಹಾಕಿ, ಹಿಟ್ಟನ್ನು ಜಡೆಯಂತೆ ಹೆಣೆದು, ಎರಡು ನಿಸು ರೊಟ್ಟಿ ಸುಟ್ಟಿದ್ದಾಳೆ. ಎರಡನ್ನೂ ಈ ಪತ್ರದ ಜೊತೆಗೆ ಕಟ್ಟಿಡುತ್ತಿದ್ದೇನೆ. ಒಂದು ನಿನಗೆ. ಇನ್ನೊಂದನ್ನು ನಿಮ್ಮ ಹಡಗಿನ ದೊಡ್ಡ ಎಂಜಿನಿಯರು ಬೂಡ್ರೋ ಅವರಿಗೆ ನನ್ನ ಹೆಸರು ಹೇಳಿ ಕೊಡು. ಆ ಮನುಷ್ಯನಿಗೆ ನಾನು ರೊಟ್ಟಿಗಿಂತ ಹೆಚ್ಚಿನದನ್ನೇ ಕೊಡಬೇಕಿದೆ, ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ.

ವರ್ಷಕ್ಕೊಂದು ಶುಭಾಶಯದ ಕಾರ್ಡು ಹಾಕುವ ಇವಳು ಇಷ್ಟುದ್ದ ಪತ್ರ ಯಾಕೆ ಬರೆದಳು, ಅದೂ ಓಡುವ ಹಡಗಿನ ಪಕ್ಕಕ್ಕೆ ಬರುವ ಅಂಚೆದೋಣಿಯವನ ಕೈಗೆ ಕೊಟ್ಟು ಹಗ್ಗದ ಬಕೆಟ್ಟಿನಲ್ಲಿ ಯಾಕೆ ಮೇಲೆ ಕಳಿಸಿದಳು ಎಂದು ನೀನು ಕೇಳುತ್ತೀಯ. ಬೇರೆ ದಾರಿ ಇರಲಿಲ್ಲ. ಸರೋವರದ ನಡುವೆ ನಿನ್ನ ಫೋನು ಸಿಗುವುದಿಲ್ಲ. ನಿಮ್ಮ ಹಡಗಿನ ಇಮೇಲೆಲ್ಲ ಕ್ಯಾಪ್ಟನ್ನರ ಮೇಜಿನ ಮೇಲೇ ಬಂದು ಬೀಳುತ್ತದೆ. ರೇಡಿಯೋದಲ್ಲಿ ಮಾತಾಡಿದರೆ ಐದು ಸರೋವರಗಳ ಜನ ಕಿವಿಯಾನಿಸಿ ಕೂತಿರುತ್ತಾರೆ. ನನ್ನ ಆಫೀಸಿನಲ್ಲಿ ಈ ವಿಷಯ ಹೊರಗೆ ಬಿಡುವುದಿಲ್ಲವೆಂದು ನನ್ನಿಂದ ಸಹಿ ಬೇರೆ ಹಾಕಿಸಿಕೊಂಡಿದ್ದಾರೆ. ಸುತ್ತಿ ಬಳಸುವುದಿಲ್ಲ, ಅಣ್ಣಾ. ನಿಮ್ಮ ಹಡಗಿನ ಹೊಟ್ಟೆಗೆ ನೀರು ನುಗ್ಗಿದರೆ ಕೂಗಿ ಹೇಳಬೇಕಾದ ನಮ್ಮ ಕಂಪನಿಯ ಯಂತ್ರ ಬರುವ ಭಾನುವಾರದ ಹೊತ್ತಿಗೆ ಮೂಕವಾಗುತ್ತದೆ. ಪರದೆ ಮಾತ್ರ ಹಸಿರಾಗಿಯೇ ಇರುತ್ತದೆ. ಅದರ ಪ್ರೋಗ್ರಾಂ ಬರೆದವಳು ನಾನು.

ವಸಂತದಲ್ಲಿ ಆ ಯಂತ್ರ ಕೂರಿಸಿದಾಗ ನೀನೆಷ್ಟು ಹಿಗ್ಗಿದ್ದೆ, ನೆನಪಿದೆಯೇ? ಅದಕ್ಕೆ ಮುಂಚೆ ಪಾಳಿಗೊಬ್ಬರಂತೆ ಕೈದೀಪ ಹಿಡಿದು, ಅದಿರು ಸಾಗಿಸುವ ಪಟ್ಟಿ ಓಡುವ ಹಡಗಿನ ತಳದ ಸುರಂಗಕ್ಕೆ ಅರವತ್ತು ಮೆಟ್ಟಿಲು ಇಳಿದು, ಈ ತುದಿಯಿಂದ ಆ ತುದಿಗೆ ನಡೆದು ನೀರಿದೆಯೇ ಎಂದು ನೋಡಿ ಬರಬೇಕಿತ್ತು. "ಪುಟ್ಟಿ, ನೀನು ನನ್ನ ಮಂಡಿ ಉಳಿಸ್ದೆ ಕಣೇ" ಎಂದು ಬರೆದಿದ್ದೆ. ಆ ಸಾಲನ್ನು ಕತ್ತರಿಸಿ ನನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ. ಹೋದ ವಾರ ಕಿತ್ತು ಹಾಕಿದೆ. ಈಗ ನಿಮ್ಮಲ್ಲಿ ಯಾರೂ ಆ ಮೆಟ್ಟಿಲು ಇಳಿಯುವುದಿಲ್ಲ, ಆ ಕೆಲಸದವರನ್ನೂ ಕಡಿಮೆ ಮಾಡಿದ್ದಾರೆ. ಹಡಗಿನ ತೂಕಕ್ಕೆ ನೀರು ತುಂಬುವ ಐದನೇ ತೊಟ್ಟಿಯ ಕವಾಟ ಜಿನುಗುತ್ತಿದೆ, ಚಳಿಗಾಲದಲ್ಲಿ ಹಡಗು ನಿಂತಾಗ ಸರಿಮಾಡಿದರಾಯಿತು ಎಂದು ಸೆಪ್ಟೆಂಬರಿನಲ್ಲಿ ನೀನೇ ಬರೆದಿದ್ದೆ. ಅದು ಜಿನುಗುವುದು ಬಿಟ್ಟು ಸುರಿಯಲು ತೊಡಗಿದರೆ ಮೇಲಿರುವ ಇಪ್ಪತ್ತೆರಡು ಜನರಿಗೆ ಸುದ್ದಿ ಮುಟ್ಟಿಸಲು ನನ್ನ ಯಂತ್ರವೊಂದೇ ಇರುವುದು.

ಗೊತ್ತಾದದ್ದು ಹೀಗೆ. ಆಫೀಸಿನಲ್ಲಿ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಅಂಥದ್ದೇ ಒಂದು ಯಂತ್ರವಿದೆ. ನೀರಿನ ಬಕೆಟ್ಟಿನಲ್ಲಿ ಒಂದು ತೇಲುಗುಂಡು, ಹತ್ತು ನಿಮಿಷಕ್ಕೊಮ್ಮೆ ಅದನ್ನು ಮೇಲೆತ್ತುವ ಪುಟ್ಟ ಮೋಟಾರು, ಪ್ರತಿ ಸಲವೂ ಒಂದು ಕೂಗು. ಶುಕ್ರವಾರ ಮನೆಗೆ ಹೊರಡುವಾಗ ಕೂಗು ತಾಳಲಾರದೆ ಯಾರಾದರೊಬ್ಬರು ಅದನ್ನು ಆರಿಸಿ ಹೋಗುತ್ತಿದ್ದೆವು. ಸೆಪ್ಟೆಂಬರಿನಲ್ಲಿ ಜಾಗ ಸಾಲದೆಂದು ಅದನ್ನು ಹಿಂದಿನ ಉಗ್ರಾಣಕ್ಕೆ ಸಾಗಿಸಿದರು. ಅಲ್ಲಿ ಕೂಗಿದರೆ ಯಾರಿಗೆ ಕೇಳಬೇಕು? ಎಲ್ಲರೂ ಮರೆತೆವು. ಅಕ್ಟೋಬರಿನ ಕೊನೆಯಲ್ಲಿ ನಾನು ಏನೋ ತಂತಿ ಹುಡುಕುತ್ತ ಆ ಕಡೆ ಹೋದರೆ, ಅದು ಇನ್ನೂ ಉರಿಯುತ್ತಿದೆ, ಪರದೆ ತುಂಬ ಹಸಿರು. ಮೋಟಾರು ಗುಂಡನ್ನು ಎತ್ತಿತು, ಇಳಿಸಿತು, ಯಂತ್ರ ಉಸಿರೆತ್ತಲಿಲ್ಲ. ನಾನು ಗುಂಡನ್ನು ಕೈಯಲ್ಲೇ ಹಿಡಿದು ಮೇಲೆತ್ತಿ ನಿಂತೆ. ಒಂದು ನಿಮಿಷ, ಎರಡು ನಿಮಿಷ. ಎಲ್ಲ ಸರಿಯಾಗಿದೆ ಎಂದು ಪರದೆ ನನ್ನ ಮುಖಕ್ಕೇ ಹೇಳುತ್ತಿತ್ತು. ಕೈಯೆಲ್ಲ ಒದ್ದೆಯಾಗಿ ತೋಳಿನಿಂದ ನೀರಿಳಿಯುತ್ತಿತ್ತು, ನಾನು ಮಾತ್ರ ಗುಂಡು ಕೆಳಗೆ ಬಿಡದೆ ಹಾಗೇ ನಿಂತಿದ್ದೆ. ಅದರೊಳಗೆ ಉಳಿದಿದ್ದ ದಾಖಲೆ ತೆಗೆದು ನೋಡಿದೆ. ಆರಿಸದೆ ಬಿಟ್ಟ ನಲವತ್ತೊಂದನೇ ದಿನ ಕೊನೆಯ ಕೂಗು, ಆಮೇಲೆ ಏನೂ ಇಲ್ಲ.

ತಪ್ಪು ಎಲ್ಲಿದೆ ಎಂದು ಹುಡುಕಲು ಮೂರು ದಿನ ಹಿಡಿಯಿತು, ನಿನಗೆ ಅರ್ಥವಾಗುವ ಹಾಗೆ ಹೇಳಲು ನೋಡುತ್ತೇನೆ. ಪ್ರೋಗ್ರಾಮಿನೊಳಗೆ ಏನನ್ನು ಹುಟ್ಟಿಸಿದರೂ ಅದಕ್ಕೆ ಯಂತ್ರದ ನೆನಪಿನಲ್ಲಿ ಒಂದಿಷ್ಟು ಜಾಗ ಬೇಕು, ಕೆಲಸ ಮುಗಿದ ಮೇಲೆ ಅದನ್ನು ಅಳಿಸಿ ಜಾಗ ಬಿಡಿಸಬೇಕು. ಹಿಂದೆಲ್ಲ ಅಳಿಸುವುದು ಬರೆಯುವವರ ತಲೆನೋವಾಗಿತ್ತು. ಒಬ್ಬ ಮರೆಯುತ್ತಿದ್ದ, ಇನ್ನೊಬ್ಬ ಅಳಿಸಿದ್ದನ್ನೇ ಮತ್ತೆ ಅಳಿಸುತ್ತಿದ್ದ, ಯಂತ್ರ ಕುಸಿಯುತ್ತಿತ್ತು. ಈಗ ಸ್ಮಾರ್ಟ್ ಪಾಯಿಂಟರ್ ಎಂಬ ಜಾಣ ಹಿಡಿಕೆಗಳಿವೆ. ಒಂದೇ ವಸ್ತುವನ್ನು ನಾಲ್ಕು ಕಡೆಯಿಂದ ನಾಲ್ವರು ಹಿಡಿದುಕೊಳ್ಳಬಹುದು, ನಾಲ್ವರೂ ಅದಕ್ಕೆ ಒಡೆಯರೇ. ಎಷ್ಟು ಕೈ ಹಿಡಿದಿವೆ ಎಂಬ ಎಣಿಕೆ ವಸ್ತುವಿನ ಪಕ್ಕದಲ್ಲೇ ಇರುತ್ತದೆ. ಒಬ್ಬ ಬಿಟ್ಟರೆ ಒಂದು ಇಳಿಯುತ್ತದೆ. ಕೊನೆಯವನೂ ಬಿಟ್ಟಾಗ ಸೊನ್ನೆ, ವಸ್ತು ತಾನಾಗಿಯೇ ಅಳಿಯುತ್ತದೆ. ಯಾರೂ ಏನೂ ನೆನಪಿಡಬೇಕಾಗಿಲ್ಲ. ಕೇಳಲು ಎಷ್ಟು ಚೆನ್ನಾಗಿದೆ! ನಾನೂ ಮನೆ ತುಂಬ ಕೆಲಸದವರಿರುವ ದೊಡ್ಡಮನುಷ್ಯರ ಸೊಸೆಯ ಹಾಗೆ ಎಲ್ಲ ಕಡೆಯೂ ಅದನ್ನೇ ಹಾಕಿದೆ.

ನಿಮ್ಮ ಸುರಂಗದ ತೇಲುಗುಂಡು ಒಮ್ಮೆ ಎದ್ದರೆ ನನ್ನ ಪ್ರೋಗ್ರಾಂ ಎರಡು ವಸ್ತು ಹುಟ್ಟಿಸುತ್ತದೆ. ಒಂದು ಎಚ್ಚರಿಕೆ, ಇನ್ನೊಂದು ನೀರು ಇಳಿಯುವವರೆಗೆ ಅದರ ಪಕ್ಕದಲ್ಲಿ ಕೂತಿರುವ ಕಾವಲುಗಾರ. ಎಚ್ಚರಿಕೆಗೆ ತನ್ನ ಕಾವಲುಗಾರ ಯಾರೆಂದು ಗೊತ್ತಿರಬೇಕು, ಕಾವಲುಗಾರನಿಗೆ ತನ್ನ ಎಚ್ಚರಿಕೆ ಯಾವುದೆಂದು ಗೊತ್ತಿರಬೇಕು. ಹಾಗೆಂದು ನಾನು ಅವನನ್ನು ಅದಕ್ಕೆ ಒಡೆಯನನ್ನಾಗಿ ಮಾಡಿದೆ, ಅದನ್ನು ಅವನಿಗೆ ಒಡೆಯನನ್ನಾಗಿ ಮಾಡಿದೆ. ನೀರು ಇಳಿದ ಮೇಲೆ ಉಳಿದವರೆಲ್ಲ ಕೈಬಿಟ್ಟರೂ ಇವರಿಬ್ಬರು ಒಬ್ಬರನ್ನೊಬ್ಬರು ಹಿಡಿದೇ ಇರುತ್ತಾರೆ. ಎಣಿಕೆ ಒಂದಕ್ಕೆ ಬಂದು ನಿಲ್ಲುತ್ತದೆ, ಸೊನ್ನೆಯಾಗುವುದೇ ಇಲ್ಲ. ಅಪ್ಪ ಮತ್ತು ವೇಯ್ಕೋ ಚಿಕ್ಕಪ್ಪ ಸೌನಾದಲ್ಲಿ ಕೂತಿರುತ್ತಿದ್ದರಲ್ಲ, ಹಾಗೆ. "ಇವನು ಇಳಿಯಲಿ, ಆಮೇಲೆ ನಾನು" ಎಂದು ಅಪ್ಪ, "ಅಣ್ಣ ಏಳದೆ ನಾನು ಹ್ಯಾಗೆ ಏಳ್ಲಿ" ಎಂದು ಚಿಕ್ಕಪ್ಪ. ಇಬ್ಬರ ಮುಖವೂ ಬೆಂದ ಬೀಟ್‌ರೂಟಾಗಿ, ಕೊನೆಗೆ ಅಮ್ಮ ಬಾಗಿಲು ಒದ್ದು ಒಳಗೆ ಹೋಗಿ ತಣ್ಣೀರು ಸುರಿದು ಎಳೆದು ತಂದಿದ್ದಳು. ನಾವು ಅವತ್ತು ಬಿದ್ದು ಬಿದ್ದು ನಕ್ಕಿದ್ದೆವು. ನಿಮ್ಮ ಯಂತ್ರದೊಳಗೆ ಅಂಥ ಸಾವಿರಾರು ಜೋಡಿಗಳು ಬಾಗಿಲು ಹಾಕಿಕೊಂಡು ಕೂತಿವೆ. ಜಾಗ ಮುಗಿದ ಮೇಲೆ ಹೊಸ ಎಚ್ಚರಿಕೆ ಹುಟ್ಟುವುದಕ್ಕೆ ಎಡೆಯಿಲ್ಲ. ಆಗಲಾದರೂ ಯಂತ್ರ ದಬಕ್ಕನೆ ನಿಂತು ಪರದೆ ಕಪ್ಪಾಗಿದ್ದರೆ ಯಾರಾದರೂ ನೋಡುತ್ತಿದ್ದರು. ಅದೂ ಆಗದ ಹಾಗೆ, ಜಾಗ ಸಿಗದಿದ್ದರೆ ಸದ್ದಿಲ್ಲದೆ ಮುಂದೆ ಸಾಗು ಎಂಬ ಸಾಲನ್ನು ಯಾರೋ ಸೇರಿಸಿದ್ದಾರೆ. ಯಾರೋ ಅಲ್ಲ, ನಾನೇ.

ಹಾಗಾದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏನೂ ಆಗಲಿಲ್ಲ ಯಾಕೆ? ಬೂಡ್ರೋ ಅವರಿಂದ. ಪ್ರತಿ ಭಾನುವಾರ ಮಧ್ಯಾಹ್ನ ಬಟಾಣಿ ಸೂಪು ಕುಡಿದ ಮೇಲೆ ಆತ ಹೋಗಿ ಯಂತ್ರದ ಸ್ವಿಚ್ಚು ಕೆಳಗೆ ಹೊಡೆಯುತ್ತಾರೆ, ಒಂದು ಗಂಟೆ ನಿದ್ದೆ ಮಾಡಿ ಎದ್ದು ಮತ್ತೆ ಹಾಕುತ್ತಾರೆ ಎಂದು ನೀನು ನಗುನಗುತ್ತ ಬರೆದಿದ್ದೆ. "ದೇವ್ರೇ ಏಳನೇ ದಿನ ರಜಾ ತಗೊಂಡ. ಇವಳ್ಯಾವ ಮಹಾರಾಣಿ?" ಎಂದು ಆತ ಯಂತ್ರಕ್ಕೆ ಬೈಯುತ್ತಿದ್ದರಂತೆ. ಆರಿಸಿ ಹಾಕಿದಾಗೆಲ್ಲ ನೆನಪು ಪೂರ್ತಿ ಬರಿದಾಗಿ ಹೊಸದಾಗಿ ಶುರುವಾಗುತ್ತಿತ್ತು. ಅದೇ ನಿಮ್ಮನ್ನು ಕಾಪಾಡಿದ್ದು, ಅಣ್ಣಾ, ಆ ಮುದುಕನ ನಿದ್ದೆ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಒಂದು ಗಂಟೆ ಹಡಗಿಗೆ ಕಾವಲಿಲ್ಲವೆಂದರೆ ಏನರ್ಥ, ನಾನು ಬರೆದ ಯಂತ್ರಕ್ಕೆ ಬೆಲೆಯೇ ಇಲ್ಲವೇ ಎಂದು ನಿಮ್ಮ ಹಡಗಿನ ಕಚೇರಿಗೆ ಎರಡು ಪುಟದ ದೂರು ಬರೆದೆ. ನಿನ್ನ ಹೆಸರು ಎತ್ತಲಿಲ್ಲ, ಅಷ್ಟು ಬುದ್ಧಿಯಿತ್ತು. ಅಕ್ಟೋಬರ್ 4ರಂದು ಅವರ ಜನ ಬಂದು ಸ್ವಿಚ್ಚಿನ ಮೇಲೆ ಕಬ್ಬಿಣದ ಮುಚ್ಚಳ ಹಾಕಿ, ತಂತಿ ಸುತ್ತಿ, ಸೀಸದ ಮುದ್ರೆ ಒತ್ತಿದರಲ್ಲ, ಅದು ನನ್ನ ದೂರಿನಿಂದ. ಬೂಡ್ರೋ ಅವರಿಗೆ ಛೀಮಾರಿ ಪತ್ರ ಹೋದದ್ದೂ ಅದರಿಂದಲೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕಿಸಿದವಳೂ ನಾನೇ, ಜ್ವರ ತಂದಿಟ್ಟವಳೂ ನಾನೇ. ಇದನ್ನು ನಿನ್ನ ಮುಂದೆ ನಿಂತು ಹೇಳುವ ಧೈರ್ಯ ನನಗಿಲ್ಲ.

ತಪ್ಪು ಸರಿಪಡಿಸಲು ಒಂದೇ ಒಂದು ಸಾಲು ಬದಲಿಸಿದರೆ ಸಾಕು. ಕಾವಲುಗಾರ ಎಚ್ಚರಿಕೆಯನ್ನು ನೋಡುತ್ತಿರಲಿ, ಒಡೆಯನಾಗುವುದು ಬೇಡ. ಎಲ್ಲಿದೆಯೆಂದು ತಿಳಿದಿದ್ದರೂ ಎಣಿಕೆಗೆ ಸೇರದ ಬಡ ಹಿಡಿಕೆ ಎಂದೊಂದಿದೆ, ಅದನ್ನು ಕೊಟ್ಟರಾಯಿತು. ಬದಲಿಸಿ, ಪರೀಕ್ಷಿಸಿ, ನಮ್ಮ ಮ್ಯಾನೇಜರ್ ಹ್ಯಾಸ್ಕೆಟ್ ಮುಂದೆ ಇಟ್ಟೆ. ಆತ ಕೆಟ್ಟವನಲ್ಲ, ಅದೇ ಕಷ್ಟ. ಸಭೆ ಕರೆದ. ಎಂಟು ಜನ ಕೂತೆವು. ನಮ್ಮಲ್ಲಿ ತಪ್ಪಾದಾಗ ಯಾರ ಹೆಸರೂ ಎತ್ತಬಾರದೆಂದು ಒಂದು ಪದ್ಧತಿಯಿದೆ. ಎಲ್ಲರೂ ಓದಿ ಒಪ್ಪಿದ ಪ್ರೋಗ್ರಾಂ ಎಲ್ಲರದೂ ಎಂಬ ಲೆಕ್ಕ. ಒಳ್ಳೆಯದೇ, ಹೆದರಿ ಮುಚ್ಚಿಡುವುದಿಲ್ಲ. ಆದರೆ ಅವತ್ತು ನೋಡಿದರೆ ಎಲ್ಲರದೂ ಆದದ್ದು ಯಾರದೂ ಅಲ್ಲದೆ ಹೋಯಿತು. ಪರೀಕ್ಷೆಯವರು ಸರಿ ಎಂದರೆ ನಾವು ಕಳಿಸುತ್ತೇವೆ ಎಂದು ಇವರು, ಮೇಲಿನವರು ಕೇಳಿದರೆ ನಾವು ಪರೀಕ್ಷಿಸುತ್ತೇವೆ ಎಂದು ಅವರು. ಹಡಗಿನಲ್ಲಿರುವ ಯಂತ್ರವನ್ನು ಮುಟ್ಟಿದರೆ ತಪಾಸಣೆ ಪತ್ರ ಮತ್ತೆ ಮೊದಲಿಂದ ಪಡೆಯಬೇಕು, ಜನವರಿಯಲ್ಲಿ ಹಡಗುಗಳು ನಿಂತಾಗ ಒಟ್ಟಿಗೆ ಮಾಡೋಣ ಎಂದು ತೀರ್ಮಾನವಾಯಿತು. ಅದನ್ನು ದೋಷವೆಂದು ಕರೆಯಬಾರದಂತೆ, "ಗಮನಕ್ಕೆ ಬಂದ ವರ್ತನೆ" ಎನ್ನಬೇಕಂತೆ. ಅಳಿಯ ಅಲ್ಲ, ಮಗಳ ಗಂಡ! ನಿಮ್ಮ ಕಚೇರಿಗಾದರೂ ಒಂದು ಮಾತು ಹೇಳೋಣ, ಮುದ್ರೆ ತೆಗೆದು ವಾರಕ್ಕೊಮ್ಮೆ ಆರಿಸಿ ಹಾಕಲಿ ಎಂದೆ. "ಆರಿಸ್ಬೇಡಿ ಅಂತ ಕಾಗದ ಬರೆದೋಳು ನೀನೇ ಅಲ್ವಾ ಸಿರ್ಕಾ? ಈಗ ಆರಿಸಿ ಅಂದ್ರೆ ನಮ್ಮನ್ನ ಏನಂದ್ಕೋತಾರೆ?" ಎಂದು ಹ್ಯಾಸ್ಕೆಟ್ ಮೆತ್ತಗೆ ಕೇಳಿದ. ಆಮೇಲೆ ಆ ಸಹಿಯ ಹಾಳೆ ಬಂತು. ಹಾಕಿದೆ.

ಅಕ್ಟೋಬರ್ 4ರಿಂದ ಎಣಿಸಿದರೆ ನಲವತ್ತೊಂದನೇ ದಿನ ಬರುವ ಭಾನುವಾರ, 14ನೇ ತಾರೀಕು. ನಾಳೆ ನೀವು ಖಾಲಿ ಹಡಗಿನಲ್ಲಿ ಡೆಟ್ರಾಯಿಟ್ ನದಿ ದಾಟುತ್ತೀರಿ, ಅದಿರು ತುಂಬಲು ಮೇಲಿನ ಬಂದರು ಸೇರುವ ಹೊತ್ತಿಗೆ ಗುರುವಾರವಾಗುತ್ತದೆ. ಸಮಯವಿದೆ, ಗಾಬರಿಯಾಗಬೇಡ. ಅಲ್ಲಿ ಹಡಗು ಕಟ್ಟಿದ ಮೇಲೆ ಬೂಡ್ರೋ ಅವರ ಹತ್ತಿರ ಹೋಗು. ಮೊದಲು ರೊಟ್ಟಿ ಕೊಡು. ಆಮೇಲೆ ಈ ಪತ್ರ ಓದಿ ಹೇಳು, ನನ್ನ ದೂರಿನ ವಿಷಯವನ್ನೂ ಬಿಡಬೇಡ. ಮುದ್ರೆ ಒಡೆದು, ಸ್ವಿಚ್ಚು ಆರಿಸಿ, ಮೂವತ್ತು ಎಣಿಸಿ ಮತ್ತೆ ಹಾಕಲಿ. ಆಮೇಲೆ ಪ್ರತಿ ಭಾನುವಾರ ಸೂಪು ಕುಡಿದು, ಸ್ವಿಚ್ಚು ಆರಿಸಿ, ಅವರ ಪಾಡಿಗೆ ಅವರು ಮಲಗಲಿ. ಮುದ್ರೆ ಒಡೆದದ್ದು ಯಾರೆಂದು ಕಚೇರಿಯವರು ಕೇಳಿದರೆ ನನ್ನ ಹೆಸರು ಕೊಡು. ಇಲ್ಲಿ ನನ್ನ ಕೆಲಸ ಹೋಗುತ್ತದೆ, ಹೋಗಲಿ. ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ನನಗೆ ನನ್ನ ಮೇಲೇ ಹೇಸಿಗೆಯಾಗಿದೆ.

ಅಮ್ಮ ಪಕ್ಕದಲ್ಲೇ ಕೂತು ಉಣ್ಣೆಯ ಕಾಲುಚೀಲ ಹೆಣೆಯುತ್ತ, ಅಷ್ಟೊಂದು ಏನೇ ಬರೀತೀಯ ಎಂದು ಕೇಳುತ್ತಿದ್ದಾಳೆ. ಅಣ್ಣನ ಬೆನ್ನಿಗೆ ಔಷಧಿ ಎಂದಿದ್ದೇನೆ. ಅವಳಿಗೆ ಏನೂ ಹೇಳಿಲ್ಲ, ನೀನೂ ಹೇಳಬೇಡ. ಬೆನ್ನಿಗೆ ಬಿಸಿಯುಪ್ಪಿನ ಶಾಖ ಕೊಡಬೇಕಂತೆ, ಕಾಫಿ ಕಡಿಮೆ ಮಾಡಬೇಕಂತೆ, ಟೋಪಿ ಇಲ್ಲದೆ ಮೇಲೆ ಓಡಾಡಬಾರದಂತೆ. ದೇವರು ನಿನ್ನ ತಲೆ ಕಾಯಲಿ ಎಂದು ಬರೆಯಲು ಹೇಳುತ್ತಿದ್ದಾಳೆ. ನಾನು ಅಷ್ಟು ದೇವರನ್ನು ನೆನೆಯುವವಳಲ್ಲ, ಆದರೂ ಬರೆದಿದ್ದೇನೆ, ಒಂದಕ್ಷರವನ್ನೂ ಬಿಡದೆ.

ನಿನ್ನ ತಂಗಿ,
ಸಿರ್ಕಾ

ತಾ.ಕ. ಮಂಗಳವಾರ, ಬೆಳಿಗ್ಗೆ ಎಂಟು ಇಪ್ಪತ್ತು. ಅಂಚೆದೋಣಿಯ ಕಟ್ಟೆಯ ಮೇಲೆ ಕೂತು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ಮೇಲೆ ಬರೆದ ಭಾನುವಾರದ ಲೆಕ್ಕ ನಂಬಬೇಡ. ಅದು ದಿನದ ಲೆಕ್ಕವೇ ಅಲ್ಲ, ಕೂಗಿನ ಲೆಕ್ಕ. ನಮ್ಮ ಉಗ್ರಾಣದ ಗುಂಡು ಎದ್ದದ್ದು ಹತ್ತು ನಿಮಿಷಕ್ಕೊಮ್ಮೆ. ಖಾಲಿ ಹಡಗು ಹೊಯ್ದಾಡಿದರೆ ಸುರಂಗದ ಒಂದು ಗೇಣು ನೀರೇ ತುಳುಕಿ ನಿಮ್ಮದು ನಿಮಿಷಕ್ಕೊಮ್ಮೆ ಕೂಗುತ್ತದೆ, ತಲೆ ಚಿಟ್ಟು ಹಿಡಿದಿದೆ ಎಂದು ನೀನೇ ಬರೆದಿದ್ದೆ. ನಾನು ನಕ್ಕು ಮಡಿಸಿಟ್ಟಿದ್ದೆ. ಭಾನುವಾರದಿಂದ ಈರಿ ಸರೋವರದಲ್ಲಿ ಗಾಳಿ ಎಂದು ಕಾರಿನ ರೇಡಿಯೋದಲ್ಲಿ ಕೇಳಿದಾಗ ಹೊಳೆಯಿತು.

ಅಂಚೆದೋಣಿಯ ಕಲಾಹನ್ ಅವರ ಕಾಲು ಹಿಡಿದು ನಿಮ್ಮ ಹಡಗಿಗೆ ರೇಡಿಯೋ ಮಾಡಿಸಿದೆ, ನೀರಿನ ಯಂತ್ರ ಹೇಗಿದೆ ಎಂದು ಕೇಳಿಸಿದೆ. ಸಹಿ ಮಾಡಿದ ಹಾಳೆ ಹಾಳಾಗಿ ಹೋಗಲಿ. ಹಡಗಿನಿಂದ ಯಾರೋ ಹುಡುಗಾಟದ ದನಿಯಲ್ಲಿ ಹೇಳಿದರು: "ಎಲ್ಲಾ ಹಸಿರು, ಕಣಯ್ಯಾ. ನಿನ್ನೆ ಮಧ್ಯಾಹ್ನ ಬಾಯಿ ಮುಚ್ಚಿದ್ದು ಇನ್ನೂ ತೆಗೆದಿಲ್ಲ. ಅಷ್ಟು ಗಾಳಿಯಲ್ಲೂ ರಾತ್ರಿಯೆಲ್ಲ ಹಾಯಾಗಿ ನಿದ್ದೆ ಮಾಡಿದ್ವಿ." ನಾನು ರೇಡಿಯೋ ಕಿತ್ತುಕೊಂಡು ಕೂಗಿದೆ, ಅದು ಸತ್ತಿದೆ, ಕೆಳಗೆ ಹೋಗಿ ನೋಡಿ ಎಂದು. ಯಾರಮ್ಮ ನೀವು ಎಂದು ನಕ್ಕು, ಹಡಗಿನ ದಾರಿ ನೋಡಿಕೊಳ್ಳಬೇಕು ಎಂದು ರೇಡಿಯೋ ಆರಿಸಿಬಿಟ್ಟರು. ಗಾಳಿಯಲ್ಲಿ ಅದು ಕೂಗದೆ ಇರುವುದಕ್ಕೆ ಸಾಧ್ಯವೇ ಇಲ್ಲ, ಅಣ್ಣಾ. ನಿನ್ನೆ ಮಧ್ಯಾಹ್ನದಿಂದ ನಿಮಗೆ ಕಾವಲಿಲ್ಲ.

ನಿಮ್ಮ ಹಡಗು ಹೆನ್ರಿಯೆಟಾ ನದಿಯ ತಿರುವಿನಲ್ಲಿ ಕಾಣುತ್ತಿದೆ. ಕಲಾಹನ್ ಕಣ್ಣು ಕಿರಿದು ಮಾಡಿ ನೋಡಿ ಹೇಳಿದ್ದು: "ಏನಮ್ಮಾ, ನಿಮ್ಮಣ್ಣನ ಹಡಗು ಬಲಗಡೆ ವಾಲ್ಕೊಂಡು ಬರ್ತಿದೆಯಲ್ಲ? ಮೂವತ್ತು ವರ್ಷದಲ್ಲಿ ಇದನ್ನ ಹೀಗೆ ನೋಡಿಲ್ಲ." ದೋಣಿ ಹೊರಡುತ್ತಿದೆ. ಈ ಹಾಳೆಯನ್ನು ಎಲ್ಲಕ್ಕಿಂತ ಮೇಲೆ, ನಿನ್ನ ಹೆಸರು ದೊಡ್ಡದಾಗಿ ಬರೆದು ಇಡುತ್ತಿದ್ದೇನೆ. ಸ್ವಿಚ್ಚು ಬಿಡು, ಅದರಿಂದ ಈಗ ಏನೂ ಆಗುವುದಿಲ್ಲ. ಕ್ಯಾಪ್ಟನ್ನರಿಗೆ ಹೇಳಿ ಹಡಗನ್ನು ನದಿಯಲ್ಲೇ ನಿಲ್ಲಿಸಿ, ಮುಂದಿನ ಸರೋವರಕ್ಕೆ ಹೋಗಲು ಬಿಡಬೇಡ. ದೀಪ ತೆಗೆದುಕೊಂಡು ಸುರಂಗದ ಬಾಗಿಲಿಗೆ ಹೋಗು. ತೆರೆಯುವ ಮೊದಲು ಬಾಗಿಲಿಗೆ ಕೈಯಿಟ್ಟು ನೋಡು, ಆಚೆ ನೀರು ತುಂಬಿದ್ದರೆ ಕಬ್ಬಿಣ ಕೊರೆಯುತ್ತದೆ. ತಣ್ಣಗಿದ್ದರೆ ತೆರೆಯಬೇಡ.